ಪರದೇಶದ ಸೇವೆಯೂ ಹಬ್ಬದ ದಿನವೂ

ಕ್ರೈಸ್ತ ಯೌವನಸ್ಥನೊಬ್ಬನು ಕೂಲಿಯನ್ನು ಅಪೇಕ್ಷಿಸದೆ ಸೇವೆಮಾಡುವದಕ್ಕಾಗಿ ಒಂದು ವರುಷದ ಮಟ್ಟಿಗೆ ಪರದೇಶಕ್ಕೆ ಹೋದರೆ ಅವನಿಗೆ ಅಲ್ಲಿ ರಜೆ ಉಂಟೋ? ಹಬ್ಬ ಉಂಟೋ? ಉಂಟಾದರೆ ಅದನ್ನು ಯಾರ ಸಂಗಡ ಕಳೆಯತಕ್ಕದ್ದು? ಈ ಪ್ರಶ್ನೆಗೆ ಕೆಲವರು, "ಸೇವೆಗೆ ಹೋದವನಿಗೆ ರಜೆ ಯಾತಕ್ಕೆ? ಹೊರಟ ಮೇಲೆ ದುಡಿಯಲಿ" ಎಂದು ಹೇಳುತ್ತಾರೆ. ಬೇರೆ ಕೆಲವರು, "ಆರು ದಿನ ದುಡಿದನಲ್ಲಾ, ಏಳನೆಯ ದಿನವು ಅವನ ಸ್ವಂತದ್ದು, ಅದನ್ನು ಹೇಗೆ ಕಳೆದರೆ ನಮಗೇನು?" ಎನ್ನುತ್ತಾರೆ. ಮೇಲೆ ನೋಡಿದರೆ ಇವು ಒಂದಕ್ಕೊಂದು ವಿರೋಧವಾದ ಮಾತುಗಳು. ಆದರೆ ಇವೆರಡೂ ಒಂದೇ ಬೇರಿನಿಂದ ಹುಟ್ಟಿದವುಗಳೆಂದು ನಮಗೆ ತೋರುತ್ತದೆ. ಯಾಕಂದರೆ ಸೇವೆಯೆಂಬದು ಕೈಕೆಲಸ ಮಾತ್ರವೇ ಎಂದು ಇಬ್ಬರೂ ಎಣಿಸುತ್ತಾರೆ. ಇದು ಸರಿಯೋ ಎಂದು ವಿಚಾರಿಸುವದಕ್ಕೆ, ನಡೆದುಹೋದ ಒಂದು ನಿಜವಾದ ಸಂಗತಿಯನ್ನು ಮುಂದಿಟ್ಟುಕೊಳ್ಳುವದು ಒಳ್ಳೇದು.

ಜರ್ಮನಿ ದೇಶದಲ್ಲಿ ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧಿಪತಿ ಇದ್ದನು. ದಿಕ್ಕಿಲ್ಲದವರ ಪಾಲನೆಯನ್ನು ವಿಚಾರಿಸುವದು ಅವನ ಉದ್ಯೋಗವಾಗಿತ್ತು. ಹಿಟ್ಲರನ ಸರಕಾರವು ಮನೋರೋಗಿಗಳನ್ನೂ ಅಂಗವಿಕಲರನ್ನೂ ಗುಟ್ಟಾಗಿ ಕೊಲ್ಲಿಸುತ್ತಿರುವದನ್ನು ತಿಳಿದಾಗ ಅವನು 1940ರಲ್ಲಿ ಅದನ್ನು ಬಹಿರಂಗವಾಗಿ ವಿರೋಧಿಸಿ, ಅದರ ನಿಮಿತ್ತ ತನ್ನ ಉದ್ಯೋಗವನ್ನು ಕಳಕೊಂಡನು. ಯುದ್ಧವು ತೀರಿ 13 ವರುಷಗಳಾದ ಮೇಲೆ, ಅಂದರೆ 1958ರ ಎಪ್ರಿಲ್ ತಿಂಗಳಲ್ಲಿ, ಬೆರ್ಲಿನಿನಲ್ಲಿ ಕೂಡಿದ ಪ್ರೊಟೆಸ್ಟಂಟ್ ಸಭೆಗಳ ಮಹಾಸಭೆಯಲ್ಲಿ ಅವನು ಒಂದು ವಿಜ್ಞಾಪನೆಯನ್ನು ಓದಿದನು. ಅದರಿಂದ ಹುಟ್ಟಿದ ಸಂಘಕ್ಕೆ ಜರ್ಮನ್ ಭಾಷೆಯಲ್ಲಿ "ಪ್ರಾಯಶ್ಚಿತ್ತದ ಗುರುತು" ಎಂಬರ್ಥವುಳ್ಳ ಹೆಸರುಂಟು. ಮನುಷ್ಯನು ತನ್ನ ಕೈಗಳಿಂದ ಪಾಪವನ್ನು ಕಳೆಯಲಾರನೆಂದು ಆ ಸಭೆಯವರು ನಮ್ಮಷ್ಟೇ ಚೆನ್ನಾಗಿ ಬಲ್ಲವರು. ಆದದರಿಂದ ತಾವು ಮಾಡುವದು ಪ್ರಾಯಶ್ಚಿತ್ತವಲ್ಲ, ಅದರ ಗುರುತು ಮಾತ್ರವೇ ಎಂದು ಹೇಳಿದರು.

ಆ ವಿಜ್ಞಾಪನೆಯಲ್ಲಿ ನಾವು ಗಮನಿಸತಕ್ಕ ಮಾತು ಒಂದುಂಟು. "ನಾವು ಬಂದು ನಿಮಗೆ ಸಹಾಯ ಮಾಡುವೆವು" ಎಂದು ಅದರಲ್ಲಿ ಬರೆದಿರಲಿಲ್ಲ. ನಮ್ಮವರಿಂದ ಬಲಾತ್ಕಾರವನ್ನು ಅನುಭವಿಸಿದ ಜನಾಂಗಗಳೇ, ನಮ್ಮ ಕೈಗಳಿಂದಲೂ ನಮ್ಮ ಹಣದಿಂದಲೂ ನಿಮ್ಮ ದೇಶದಲ್ಲಿ ಒಂದು ಒಳ್ಳೇ ಕೆಲಸಮಾಡಲು ಅಪ್ಪಣೆಕೊಡಿರಿ ಎಂಬ ಬೇಡಿಕೆಯೇ ಅದರ ತಾತ್ಪರ್ಯವು. ಕೊಡುವವನು ಬೇಡುವವನಾಗಿ ಬಾಗಿಲಲ್ಲಿ ನಿಂತನು! 1959ರಲ್ಲಿ ನೆದರ್ಲೆಂಡ್ಸ್ ದೇಶದವರೂ ನಾರ್ವೆ ದೇಶದವರೂ ಈ ಯೌವನಸ್ಥರನ್ನು ಬರಗೊಟ್ಟರು. ಆ ಮೇಲೆ ಫ್ರಾನ್ಸಿನ ತೆಜೆ ಎಂಬ ಹಳ್ಳಿಯಲ್ಲಿ ಅವರು ಕಟ್ಟಿದ ದೇವಾಲಯವು 1962ರಲ್ಲಿ ಪ್ರತಿಷ್ಠೆಯಾಯಿತು. 1961ರಲ್ಲಿ ಅವರ ಮೊದಲನೆಯ ಗುಂಪು ಇಸ್ರಾಯೇಲ್ ದೇಶಕ್ಕೆ ಹೋಯಿತು. ಪಶ್ಚಿಮ ಜರ್ಮನಿಯ ಸರಕಾರಕ್ಕೂ ಇಸ್ರಾಯೇಲ್ ಸರಕಾರಕ್ಕೂ ರಾಯಭಾರದ ಸಂಬಂಧವು ಉಂಟಾದದ್ದು 1965ರಲ್ಲಿ. ರಾಯಭಾರಿಗಳಿಗಿಂತ ನಾಲ್ಕು ವರುಷ ಮುಂಚೆ ಗುದ್ದಲಿ ಹಿಡಿದ ಹುಡುಗರು ಅಲ್ಲಿಗೆ ಹೋದರು.

ನಮ್ಮ ರೈತರ ಭಾಷೆಯಲ್ಲಿ ಮುಯ್ಯಿ ಎಂಬ ಮಾತಿಗೆ ಎರಡು ಅರ್ಥಗಳುಂಟಷ್ಟೆ. ಮಾಡಿದ ಕೇಡಿಗೆ ಪ್ರತಿಯಾಗಿ ಕೇಡು ಮಾಡುವದೂ ಮುಯ್ಯಿಯೇ. ಇಂದು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುವೆನು ಎಂದು ಕೂಡಿ ದುಡಿಯುವದಕ್ಕೆ ಮುಯ್ಯಾಳು ಎನ್ನುತ್ತೇವೆ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವದೇ ಸುವಾರ್ತೆಯ ಕೆಲಸ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕೋವೆಂಟ್ರಿ ಪಟ್ಟಣದ ಮೇಲೆ ಬೆಂಕಿ ಸುರಿಸಿದವು. ಐನೂರಕ್ಕಿಂತ ಹೆಚ್ಚು ಮಂದಿ ಸತ್ತರು, ಪಟ್ಟಣದ ದೊಡ್ಡ ದೇವಾಲಯವು ಸುಟ್ಟುಹೋಯಿತು. ಆ ವರುಷದ ಕ್ರಿಸ್ಮಸ್ ದಿನದಲ್ಲಿ ಅಲ್ಲಿಯ ಮುಖ್ಯ ಬೋಧಕನಾದ ರಿಚರ್ಡ್ ಹೊವಾರ್ಡ್ ಎಂಬವನು ಆ ಹಾಳುಗೋಡೆಗಳ ನಡುವಿನಿಂದ ರೇಡಿಯೋದಲ್ಲಿ ಮಾತಾಡಿ, ಸೇಡಿನ ಆಲೋಚನೆಯನ್ನು ದೂರಮಾಡಬೇಕೆಂದನು. 1961ರಲ್ಲಿ ಜರ್ಮನ್ ಯೌವನಸ್ಥರು ಬಂದು ಆ ಹಾಳುದೇವಾಲಯದ ಕೆಲವು ಕೋಣೆಗಳನ್ನು ತಿರಿಗಿ ಕಟ್ಟಿದರು. ಜರ್ಮನಿಯ ಡ್ರೆಸ್ಡೆನ್ ಪಟ್ಟಣವನ್ನು 1945ರ ಫೆಬ್ರುವರಿಯಲ್ಲಿ ಇಂಗ್ಲಿಷ್ ಮತ್ತು ಅಮೇರಿಕನ್ ವಿಮಾನಗಳು ಸುಟ್ಟಿದ್ದವು. ಅಲ್ಲಿ ಹಾಳಾಗಿದ್ದ ಕ್ರೈಸ್ತ ಸೇವಕಿಯರ ಆಸ್ಪತ್ರೆಯನ್ನು ಕಟ್ಟುವದಕ್ಕೆ 1965ರಲ್ಲಿ ಕೋವೆಂಟ್ರಿಯಿಂದ ಇಂಗ್ಲಿಷ್ ಯೌವನಸ್ಥರು ಹೋದರು. ಹೀಗೆ ಮುಯ್ಯಿಗೆ ಮುಯ್ಯಿ ತೀರಿತು.

ಈಗ ರಜೆಯ ಪ್ರಶ್ನೆಗೆ ಬರೋಣ. ಕೆಲಸದ ದಿನದಲ್ಲಿ ಸೇವಕನು ಕೊಡುವವನು. ಅವನ ಕೈಯಲ್ಲಿ ಗಾರೆಯ ಕರಣೆಯಾಗಲಿ ರೋಗಿಯ ಊಟದ ತಟ್ಟೆಯಾಗಲಿ ಇರುತ್ತದೆ. ಎದುರಿಗಿರುವವನಿಗೆ ಅದರ ಅವಶ್ಯವುಂಟು. ಆದದರಿಂದ ಇಬ್ಬರೂ ಸಮಾನರಲ್ಲ. ಉಪಕಾರ ಹೊಂದಿದವನು ವಂದಿಸಬೇಕು, ಉಪಕಾರ ಮಾಡಿದವನು ಆ ವಂದನೆಯಿಂದ ಸ್ವಲ್ಪ ಉಬ್ಬಿಕೊಳ್ಳುತ್ತಾನೆ. ಇದರಿಂದ ಕೃತಜ್ಞತೆ ಹುಟ್ಟಬಹುದು, ಗೌರವ ಹುಟ್ಟಬಹುದು, ಗೆಳೆತನ ಮಾತ್ರ ಹುಟ್ಟುವದು ಕಷ್ಟ. ಆದರೆ ಹಬ್ಬದ ದಿನ ಬಂದಾಗ ಅವನ ಕೈ ಬರಿದಾಗುತ್ತದೆ. ಅವನಿಗೆ ಮನೆಯಿಲ್ಲ, ಒಲೆಯಿಲ್ಲ, ತಾಯಿ ಬಡಿಸುವ ಊಟವಿಲ್ಲ. ಆ ಊರಿನ ಭಾಷೆಯನ್ನೂ ತಡವರಿಸುತ್ತಾ ಮಾತಾಡುತ್ತಾನೆ. ಯಾರಾದರೂ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ಅಂದು ಅವನೇ ಬಡವನು, ಊರಿನವರೇ ಐಶ್ವರ್ಯವಂತರು.

ನಮ್ಮ ಕರ್ತನು ಸಮಾರ್ಯದ ಬಾವಿಯ ಹತ್ತರ ಕೂತದ್ದನ್ನು ನೆನಸಿರಿ. ಜೀವಜಲವನ್ನು ಕೊಡಬಲ್ಲಾತನು ಆ ಸ್ತ್ರೀಯ ಸಂಗಡ ಮಾತು ತೆಗೆದದ್ದು ಹೇಗೆ? ಕುಡಿಯಲು ನೀರು ಬೇಡಿದ್ದರಿಂದಲೇ. ಎಪ್ಪತ್ತು ಮಂದಿಯನ್ನು ಕಳುಹಿಸುವಾಗಲೂ ಆತನು ಅವರ ಸೊಂಟದಲ್ಲಿ ಹಣದ ಚೀಲವನ್ನು ಇರಗೊಡಲಿಲ್ಲ. ಹೋದ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಬೇಕೆಂದನು. ಕೊಡಲು ಹೋಗುವವನು ಮೊದಲು ತೆಗೆದುಕೊಳ್ಳಲು ಕಲಿಯಬೇಕೆಂಬದೇ ಇದರ ಅರ್ಥ.

ಇಸ್ರಾಯೇಲಿನಲ್ಲಿ ಸೇವೆಮಾಡಿದ ಜರ್ಮನ್ ಯೌವನಸ್ಥರ ಸ್ಥಿತಿಯನ್ನು ಆಲೋಚಿಸಿರಿ. ಆ ದೇಶದಲ್ಲಿ ವಿಶ್ರಾಂತಿಯ ದಿನವು ಶನಿವಾರವು. ಶುಕ್ರವಾರದ ಸೂರ್ಯಾಸ್ತಮಾನಕ್ಕೆ ಮುಂಚೆ ಮನೆಗಳಲ್ಲಿ ಸಬ್ಬತ್ತಿನ ದೀಪ ಹಚ್ಚುತ್ತಾರೆ. ಆದಿತ್ಯವಾರವು ಕೆಲಸದ ದಿನ. ದಶಂಬರ್ 25 ಕೂಡ ಹೆಚ್ಚಿನವರಿಗೆ ಕೆಲಸದ ದಿನವೇ. ಚಿಕ್ಕಂದಿನಿಂದ ದೇವಾಲಯದ ಗಂಟೆಯನ್ನೂ ಅಲಂಕರಿಸಿದ ಮರವನ್ನೂ ಮನೆಯವರ ಹಾಡನ್ನೂ ಕ್ರಿಸ್ಮಸ್ ಎಂದು ತಿಳುಕೊಂಡವನು ಅಲ್ಲಿ ಆ ಬೆಳಿಗ್ಗೆ ಎದ್ದು ಎಂದಿನಂತೆ ಕೆಲಸಕ್ಕೆ ಹೋಗಬೇಕು. ಆಗ ಅವನ ನಂಬಿಕೆಯು ಗಂಟೆಯ ಮೇಲೆ ನಿಂತಿತ್ತೋ, ಹುಟ್ಟಿದಾತನ ಮೇಲೆ ನಿಂತಿತ್ತೋ ಎಂಬದು ಅವನಿಗೇ ತಿಳಿದುಬರುವದು. ಬೇತ್ಲೆಹೇಮಿನ ಕುರುಬರು ಆ ಶುಭವಾರ್ತೆಯನ್ನು ಕೇಳಿದ್ದು ಹಬ್ಬದ ಉಡುಪಿನಲ್ಲಲ್ಲ, ರಾತ್ರಿಯ ಕಾವಲಿನ ಕೆಲಸದಲ್ಲಿ ಇದ್ದಾಗಲೇ ಎಂಬದನ್ನು ಮರೆಯಬಾರದು.

ಆ ದೇಶದಲ್ಲಿ ಮತ್ತೊಂದು ದಿನವುಂಟು. ಹಿಟ್ಲರನವರ ಕೈಯಿಂದ ಸತ್ತ ಸುಮಾರು 60 ಲಕ್ಷ ಯೆಹೂದ್ಯರ ನೆನಪಿಗಾಗಿ ವರುಷಕ್ಕೊಮ್ಮೆ, ವಸಂತಕಾಲದ ಒಂದು ಬೆಳಿಗ್ಗೆ 10 ಘಂಟೆಗೆ, ದೇಶವೆಲ್ಲಾ ಎರಡು ನಿಮಿಷ ಎಚ್ಚರಿಕೆಯ ಕೊಂಬು ಕೂಗುತ್ತದೆ. ಬಸ್ಸುಗಳು ನಿಲ್ಲುತ್ತವೆ; ಜನರು ವಾಹನಗಳಿಂದ ಇಳಿದು ದಾರಿಯಲ್ಲೇ ತಲೆಬಾಗಿ ನಿಲ್ಲುತ್ತಾರೆ. ಅವರ ನಡುವೆ ಜರ್ಮನ್ ಹುಡುಗನೂ ನಿಲ್ಲಬೇಕು. ಆ ಎರಡು ನಿಮಿಷ ಅವನ ಕೈಗೆ ಏನೂ ಕೆಲಸವಿಲ್ಲ. ಅವನು ಕಟ್ಟಲಾರನು, ಗುಡಿಸಲಾರನು, ಸಮಾಧಾನದ ಮಾತನ್ನೂ ಆಡಲಾರನು, ಸುಮ್ಮನೆ ನಿಲ್ಲುವದೊಂದೇ. ಆ ವರುಷವೆಲ್ಲಾ ಅವನು ಮಾಡಿದ ಕೆಲಸದಲ್ಲಿ ಇದೇ ದೊಡ್ಡದಾಗಿರಬಹುದೆಂದು ನಾವು ಎಣಿಸುತ್ತೇವೆ. ದುಃಖಿಸುವವರ ಸಂಗಡ ದುಃಖಿಸುವವನೇ ಅವರ ಸಂತೋಷದ ಊಟಕ್ಕೂ ಕರೆಯಲ್ಪಡಲು ತಕ್ಕವನು.

ಪೋಲೆಂಡ್ ದೇಶದಲ್ಲಿ ಕ್ರಿಸ್ಮಸಿನ ಹಿಂದಿನ ರಾತ್ರಿ ಒಂದು ಹಳೇ ಪದ್ಧತಿಯುಂಟು. ಮನೆಯವರ ಲೆಕ್ಕಕ್ಕಿಂತ ಒಂದು ತಟ್ಟೆಯನ್ನು ಹೆಚ್ಚಾಗಿ ಇಡುತ್ತಾರೆ. ಅದು ನೆನಸದೆ ಬರುವ ಅತಿಥಿಗಾಗಿ. ಊಟಕ್ಕೆ ಮುಂಚೆ ತೆಳ್ಳಗಾದ ರೊಟ್ಟಿಯನ್ನು ಒಬ್ಬರಿಗೊಬ್ಬರು ಮುರಿದುಕೊಟ್ಟು ಶುಭವನ್ನು ಕೋರುತ್ತಾರೆ. ಅವುಶ್ವಿಟ್ಸ್ ಮರಣಶಿಬಿರವಿದ್ದ ಓಶ್ವಿಯೆಂಚಿಮ್ ಎಂಬ ಊರು ಆ ದೇಶದಲ್ಲೇ ಇದೆ. ಕ್ರೈಸಿಗನ ಸಂಘದ ಪ್ರಯತ್ನದಿಂದ 1986ರಲ್ಲಿ ಅಲ್ಲಿ ಯೌವನಸ್ಥರು ಕೂಡುವ ಮನೆಯೊಂದು ತೆರೆಯಲ್ಪಟ್ಟಿತು. ಅಲ್ಲಿ ಸೇವೆಮಾಡುವ ಜರ್ಮನ್ ಹುಡುಗಿಯನ್ನು ಊರಿನ ಒಂದು ಮನೆಯವರು ಆ ರಾತ್ರಿ ಕರೆದು ಆ ಹೆಚ್ಚಿನ ತಟ್ಟೆಯ ಮುಂದೆ ಕೂರಿಸಿದರೆ, ಅವಳು ಏನನ್ನು ಕೊಟ್ಟು ಆ ಸ್ಥಳವನ್ನು ಸಂಪಾದಿಸುವಳು? ಏನನ್ನೂ ಅಲ್ಲ. ಅದು ಬರೀ ಕೃಪೆ. ಕೃಪೆಯೆಂಬ ಮಾತನ್ನು ನಾವು ಪ್ರತಿ ಆದಿತ್ಯವಾರ ಕೇಳುತ್ತೇವೆ. ಶತ್ರುವಿನ ಮನೆಯಲ್ಲಿ ಊಟಕ್ಕೆ ಕೂತವನೇ ಅದರ ರುಚಿಯನ್ನು ಬಲ್ಲನು.

ಆದರೂ ಇಲ್ಲಿ ಕೆಲವು ಆಕ್ಷೇಪಗಳುಂಟು. ಮೊದಲನೆಯದು: ಪರಸ್ಥಳದಲ್ಲಿ ಬಳಲಿದ ಯೌವನಸ್ಥನು ರಜೆಯಲ್ಲಿ ತನ್ನ ದೇಶದವರನ್ನೇ ಕೂಡಿ, ತನ್ನ ಭಾಷೆಯಲ್ಲಿ ನಗುನಗುತ್ತಾ ಸಮುದ್ರತೀರಕ್ಕೋ ಬೆಟ್ಟಕ್ಕೋ ಹೋದರೆ ಪಾಪವೋ? ಅಲ್ಲ. ಶಿಷ್ಯರು ಸೇವೆಯಿಂದ ಹಿಂತಿರುಗಿದಾಗ ಏಕಾಂತಕ್ಕೆ ಹೋಗಿ ದಣಿವಾರಿಸಿಕೊಳ್ಳಿರೆಂದು ಕರ್ತನೇ ಹೇಳಿದನು. ಸಬ್ಬತ್ತಿನ ಆಜ್ಞೆಯಲ್ಲಿಯೂ ಊರಲ್ಲಿರುವ ಪರದೇಶಿಯ ವಿಶ್ರಾಂತಿಯನ್ನು ದೇವರು ಹೆಸರೆತ್ತಿ ಹೇಳಿದ್ದಾನೆ. ಆದರೆ ದುಡಿತವೆಲ್ಲಾ ಊರಿನವರಿಗೆ, ನಗುವೆಲ್ಲಾ ತನ್ನವರಿಗೆ ಎಂದು ವಿಂಗಡಿಸಿಟ್ಟರೆ, ಊರಿನವರು ಅವನಿಗೆ ಬರೀ ಕೆಲಸವಾಗಿ ಉಳಿಯುವರು. ತಾನು ಬೇರೆಯವನಿಗೆ ಕೆಲಸವಾಗಿದ್ದೇನೆಂದು ತಿಳಿದ ಮುದುಕನ ಮನಸ್ಸಿಗೆ ಎಷ್ಟು ನೋವಾಗುವದೆಂಬದನ್ನು ಹೇಳಬೇಕೋ?

ಎರಡನೆಯದು: ಗೆಳೆತನವನ್ನು ಅಪೇಕ್ಷಿಸದವರ ಗತಿಯೇನು? ಮರಣಶಿಬಿರಗಳಿಂದ ತಪ್ಪಿಸಿಕೊಂಡವರಲ್ಲಿ ಜರ್ಮನ್ ಭಾಷೆಯ ಧ್ವನಿಯನ್ನೇ ತಾಳಲಾರದವರು ಇದ್ದರು. ಅಂಥವರ ಹತ್ತರ, "ನಾನು ಇಷ್ಟು ದೂರದಿಂದ ಬಂದೆನಲ್ಲಾ, ನನ್ನನ್ನು ಸ್ನೇಹಿತನೆಂದು ಒಪ್ಪಿಕೊಳ್ಳಿರಿ" ಎನ್ನುವದು ಸೇವೆಯಲ್ಲ, ಸಾಲ ವಸೂಲಿ. ಗೆಳೆತನವನ್ನು ಬೇಡಬಹುದು, ಹಕ್ಕೆಂದು ಕೇಳಕೂಡದು. ಬಾಗಿಲು ತೆರೆಯದಿದ್ದರೆ ಅಂಗಳವನ್ನು ಗುಡಿಸಿ, ಸಿಟ್ಟಾಗದೆ ಹೋಗಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಒಂದು ವರುಷವಾದ ಮೇಲೆ ಯೌವನಸ್ಥನು ಊರಿಗೆ ಹೋಗುವನು. ಅಂಗವಿಕಲ ಮಗುವೂ ಒಂಟಿ ಮುದುಕಿಯೂ ಅಲ್ಲೇ ಉಳಿಯುವರು. ಬರುವವರನ್ನು ಪ್ರೀತಿಸಿ ಹೋಗುವವರಿಗಾಗಿ ಅಳುವದು ವರುಷ ವರುಷವೂ ಅವರ ಪಾಲಿಗೆ ಬರುವದು. ಇದಕ್ಕೆ ಸುಲಭವಾದ ಉತ್ತರವಿಲ್ಲ. ಆದರೂ ಮೊದಲಿನಿಂದಲೇ ತನ್ನ ಹೋಗುವ ದಿನವನ್ನು ಸತ್ಯವಾಗಿ ಹೇಳುವದು, ನಡಿಸಲಾಗದ ಮಾತನ್ನು ಕೊಡದಿರುವದು, ಹೋದ ಮೇಲೆ ಹಬ್ಬಕ್ಕೊಂದು ಕಾಗದವನ್ನಾದರೂ ಬರೆಯುವದು, ಇಷ್ಟನ್ನು ಯಾವನಾದರೂ ಮಾಡಬಲ್ಲನು. ಮಾಡಲು ಮನಸ್ಸಿಲ್ಲದವನು ಮಕ್ಕಳ ಮನಸ್ಸನ್ನು ಕಟ್ಟಿಕೊಳ್ಳದಿರುವದೇ ಲೇಸು.

ವಾಚಕರೇ, ಇದು ದೂರದೇಶದ ಸಂಗತಿಯೆಂದು ಎಣಿಸಬೇಡಿರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಮೊದಲು ಇಲ್ಲಿಯವರ ಬಾಯಿಂದ ಮಾತು ಕಲಿತ ಮೇಲೆಯೇ ಬೋಧಿಸಲು ಶಕ್ತರಾದರು. ಈ ದಿನಗಳಲ್ಲಿಯೂ ಪರದೇಶದ ಯೌವನಸ್ಥರು ನಮ್ಮ ಸೀಮೆಯ ಶಾಲೆಗಳಿಗೂ ಅನಾಥಾಲಯಗಳಿಗೂ ಬರುತ್ತಾರೆ. ನಾವು ಅವರಿಗೆ ಏನು ಮಾಡುತ್ತೇವೆ? ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, ಹೂವಿನ ಹಾರ ಹಾಕಿ, ಎರಡು ಮಾತು ಹೇಳಿಸಿ ಕಳುಹಿಸುತ್ತೇವೆ. ಇದು ಮರ್ಯಾದೆ, ಗೆಳೆತನವಲ್ಲ. ಕ್ರಿಸ್ಮಸಿನ ಹಿಂದಿನ ದಿನ ಅವರನ್ನು ಅಡಿಗೆಮನೆಗೆ ಕರೆಯಿರಿ. ಅಜ್ಜಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ತೆಂಗಿನಕಾಯಿ ತುರಿಯಲಿ. ಕೈಗೆ ಅಂಟಿದ ಹಿಟ್ಟನ್ನು ನೋಡಿ ಮಕ್ಕಳು ನಗಲಿ. ಅವರಿಗೆ ಮನೆಯ ನೆನಪಾಗಿ ಕಣ್ಣು ತುಂಬಿದರೆ ಕಾಣದ ಹಾಗೆ ಮಾಡಬೇಡಿರಿ. ಹಾಗೆಯೇ ನಮ್ಮ ಸಭೆಗಳಿಂದ ಹೊರಗೆ ಹೋಗುವ ಹುಡುಗ ಹುಡುಗಿಯರಿಗೂ, ದುಡಿಯುವದನ್ನು ಮಾತ್ರವಲ್ಲ, ಅತಿಥಿಯಾಗಿರುವದನ್ನೂ ಕಲಿಸಿ ಕಳುಹಿಸಿರಿ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನಂದರೆ: ರಜೆಯ ದಿನವು ಸೇವೆಯ ಹೊರಗಿನದಲ್ಲ, ಅದರ ಅರ್ಧಪಾಲು. ತನ್ನ ಶಿಷ್ಯರನ್ನು ಆಳುಗಳೆಂದು ಕರೆಯದೆ ಸ್ನೇಹಿತರೆಂದು ಕರೆದ ಕರ್ತನು ಆ ಮಾತನ್ನು ಆಡಿದ್ದು ಪಸ್ಕಹಬ್ಬದ ಕಾಲದ ಒಂದು ರಾತ್ರಿಯಲ್ಲಿ, ಒಂದು ಊಟದ ಸಮಯದಲ್ಲಿ. ಆ ಊಟವು ನಡೆದ ಮಾಳಿಗೆಯೂ ಬೇಡಿಕೊಂಡದ್ದೇ ಆಗಿತ್ತು. ಆತನು ನಮ್ಮ ಯೌವನಸ್ಥರಿಗೆ ಕೊಡುವ ಕೈಯನ್ನೂ ತೆಗೆದುಕೊಳ್ಳುವ ಕೈಯನ್ನೂ ದಯಪಾಲಿಸಲಿ.