ಶುಶ್ರೂಷೆ ಎಂದರೆ ಕೇಳುವುದು



ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಯ ಶುಶ್ರೂಷೆ ಮಾಡಬೇಕು ಎಂಬುದು ಅಲ್ಲಿನ ಉಪದೇಶಗಳಲ್ಲಿ ಒಂದು. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಇದನ್ನು ವಿವರಿಸುತ್ತಿದ್ದೆ. ಆದರೆ ಚಳ್ಳಕೆರೆಯ ಮನೆಯಲ್ಲಿ ನಾನೂ ಅಪ್ಪನೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹೊಲ ಮಾರುವ ವಿಷಯಕ್ಕೆ ಶುರುವಾದ ಜಗಳ. ಮಾತ್ರೆ ತಂದುಕೊಡುತ್ತಿದ್ದೆ, ಊಟ ಬಡಿಸುತ್ತಿದ್ದೆ, ಎದುರು ಕೂರುತ್ತಿರಲಿಲ್ಲ.

'ಶುಶ್ರೂಷೆ'ಯ ಮೂಲ ಅರ್ಥ ಕೇಳುವ ಇಚ್ಛೆ. ಸೇವೆ ಎಂಬ ಅರ್ಥ ಆಮೇಲೆ ಬಂದದ್ದು. ಎಂ.ಎ. ಓದುವಾಗ ಕಲಿತದ್ದನ್ನು ನಾನು ಮನೆಗೆ ತಂದಿರಲಿಲ್ಲ.

ಒಂದು ಸಂಜೆ ಅಪ್ಪನ ಪಕ್ಕ ಕೂತೆ. ಮತ್ತೆ ಅದೇ ಹೊಲ, ಮಳೆ ಕೈಕೊಟ್ಟ ವರ್ಷಗಳು, ಶೇಂಗಾ ಬೀಜಕ್ಕೆಂದು ಅವ್ವನ ಓಲೆ ಅಡವಿಟ್ಟದ್ದು. ಓಲೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಹೊಲದ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಇಂದಿಗೂ ಬೇರೆಯೇ. ಆದರೆ ಈಗ ಮಾತಿದೆ.

ತಂದೆತಾಯಿಯನ್ನು ನೂರು ವರ್ಷ ಹೆಗಲ ಮೇಲೆ ಹೊತ್ತರೂ ಋಣ ತೀರದು ಎಂದು ಅಂಗುತ್ತರ ನಿಕಾಯದಲ್ಲಿ ಭಗವಾನರು ಹೇಳುತ್ತಾರೆ. ಶ್ರದ್ಧೆ, ಶೀಲ, ದಾನ, ಪ್ರಜ್ಞೆಗಳಲ್ಲಿ ಅವರನ್ನು ನೆಲೆಗೊಳಿಸಿದರೆ ತೀರುತ್ತದೆ ಎನ್ನುತ್ತಾರೆ. ಆದರೆ ಅವರ ಮಾತನ್ನೇ ಕೇಳದ ನಾವು ಅವರಿಗೆ ಯಾವ ಧಮ್ಮ ಹೇಳಿಯೇವು?

ಇಂದಿನ ಅಭ್ಯಾಸ: ಮೊಬೈಲ್ ಪಕ್ಕಕ್ಕಿಟ್ಟು, ಎದುರುತ್ತರ ಕೊಡದೆ, ಹತ್ತು ನಿಮಿಷ ಮನೆಯ ಹಿರಿಯರ ಮಾತು ಕೇಳೋಣ.

ಭವತು ಸಬ್ಬ ಮಂಗಲಂ 🙏