ದೊಡ್ಡಪ್ಪನಿಗೆ ಹೇಳಬೇಕಿತ್ತಾ?

ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಶ್ರವಣಬೆಳಗೊಳದ ಪಕ್ಕದ ಜಿನನಾಥಪುರ. ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪ ಬೀಡಿ ಕಟ್ಟು ನನ್ನ ಕೈಗಿಟ್ಟು, "ಇದ್ರ ಮೇಲೆ ಅದೇನೋ ನಂಬರ್ ಐತಲ್ಲ, ಫೋನ್ ಮಾಡ್ಕೊಡು ಮಗ" ಅಂದರು. ನಲವತ್ತು ವರ್ಷ ಸೇದಿದವರು ತಾವಾಗಿ ಬಿಡ್ತೀನಿ ಅಂದಿದ್ದು ಅವತ್ತೇ ಮೊದಲು.

1800-11-2356. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಶುರುವಾದದ್ದು, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಬಂತು. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು. ಯಾವ ಹೊತ್ತಲ್ಲಿ ಸೇದಬೇಕು ಅನ್ಸುತ್ತೆ ಅಂತ ಕೇಳಿ, ಬಿಡುವ ದಿನ ಗೊತ್ತು ಮಾಡಿಸಿದರು.

ನನ್ನ ತಲೆಯಲ್ಲಿ ಮಾತ್ರ ಇನ್ನೊಂದು ವಿಷಯ ಓಡ್ತಿತ್ತು. ಬಹಳ ವರ್ಷ ಸೇದಿದವರಿಗೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿದರೆ, ಶ್ವಾಸಕೋಶದ ಕ್ಯಾನ್ಸರ್ ಲಕ್ಷಣ ಕಾಣಿಸುವ ಮೊದಲೇ ಸಿಗಬಹುದು. ನಾನು ಹೇಳಲಿಲ್ಲ. ಹೆದರಿಬಿಟ್ಟರೆ? ರಿಪೋರ್ಟ್ ಚೆನ್ನಾಗಿ ಬಂತು ಅಂತ ಮತ್ತೆ ಹಚ್ಚಿದರೆ? ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿಗಷ್ಟೇ, ಶ್ವಾಸಕೋಶ ಅದರಲ್ಲಿಲ್ಲ. ಕೈಗೆಟುಕದ್ದನ್ನು ತೋರಿಸಿ ಏನು ಪ್ರಯೋಜನ ಅಂದುಕೊಂಡೆ.

ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಲ್ಲಿ ಕಸಿವಿಸಿ ಶುರುವಾಯ್ತು. ಆಫೀಸಿನ ವರ್ಷದ ಹೆಲ್ತ್ ಚೆಕಪ್‌ನಲ್ಲಿ ಯಾವ ಟೆಸ್ಟ್ ಬೇಕು, ಬೇಡ ಅಂತ ನಾನೇ ಟಿಕ್ ಹಾಕ್ತೀನಿ. ದೊಡ್ಡಪ್ಪನ ಎದೆಯ ವಿಷಯದಲ್ಲಿ ಟಿಕ್ ಹಾಕೋಕೆ ನಾನ್ಯಾರು? ಇದು ಕರುಣೆಯಲ್ಲ, ಅವರಿಗೆ ಅರ್ಥವಾಗಲ್ಲ ಅನ್ನೋ ನನ್ನ ಅಹಂಕಾರ.

ಹಾಗಂತ ಅರ್ಧ ಹೇಳೋದೂ ಮೋಸವೇ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 53,000ಕ್ಕೂ ಹೆಚ್ಚು ಜನರಿದ್ದರು. ಮೂರು ವರ್ಷ, ವರ್ಷಕ್ಕೊಂದು ತಪಾಸಣೆ. ಎಕ್ಸ್‌ರೇ ಗುಂಪಿಗೆ ಹೋಲಿಸಿದರೆ ಸಿಟಿ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರ್ ಸಾವು ಶೇ. 20 ಕಡಿಮೆ. ಅಂದರೆ ಸುಮಾರು 320 ಜನರನ್ನು ಪರೀಕ್ಷಿಸಿದರೆ ಒಂದು ಸಾವು ತಪ್ಪುತ್ತೆ. ಆದರೆ 'ಏನೋ ಕಾಣ್ತಿದೆ' ಅಂದ ನೂರು ಸ್ಕ್ಯಾನ್‌ಗಳಲ್ಲಿ 96 ಕ್ಯಾನ್ಸರ್ ಅಲ್ಲವೇ ಅಲ್ಲ. ಟಿಬಿ ಹೆಚ್ಚಿರುವ ನಮ್ಮಲ್ಲಿ ಹಳೇ ಕಲೆಯೂ ಗಾಬರಿ ಹುಟ್ಟಿಸಬಹುದು. ಮತ್ತೆ, ಸ್ಕ್ಯಾನ್ ಅನ್ನೋದು ಬರೀ ಮಾನಿಟರಿಂಗ್. ಬೀಡಿ ಬಿಡೋದೇ ಬಗ್ ಫಿಕ್ಸ್.

ಸಹಾಯವಾಣಿಯವರೂ ಇದನ್ನು ಹೇಳಬೇಕು ಅಂತ ನನಗನ್ನಿಸುತ್ತೆ. ಬಿಡಬೇಕು ಅಂತ ಫೋನ್ ಮಾಡಿದವರು ಕಿವಿ ತೆರೆದೇ ಕೂತಿರ್ತಾರೆ. ಲಾಭ, ಗಾಬರಿ, ಖರ್ಚು ಎಲ್ಲ ಹೇಳಿ, ಯಾವ ಡಾಕ್ಟರನ್ನು ಕೇಳಬೇಕು ಅಂತಲೂ ತಿಳಿಸಿದರೆ ಸಾಕು. ತೀರ್ಮಾನ ಅವರದ್ದು.

ಮುಂದಿನ ಭಾನುವಾರ ಫೋನ್ ಮಾಡಿ ಎಲ್ಲ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮಾಡಿಸ್ಬೇಕೋ ಬ್ಯಾಡ್ವೋ ಹಾಸನದ ಡಾಕ್ಟ್ರನ್ನ ಕೇಳ್ತೀನಿ. ಅದ್ಸರಿ, ಅವತ್ತೇ ಯಾಕೆ ಹೇಳ್ಲಿಲ್ಲ ಮಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ.