ಏಕಾಂತವೂ ಒಂದು ನ್ಯಾಸ

ಜೊಯಿಡಾ ತಾಲ್ಲೂಕಿನಲ್ಲಿ ಹಬ್ಬಿರುವ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿಗಣತಿಯ ಕಾಲಕ್ಕೆ ಮರಗಳಿಗೆ ಕ್ಯಾಮೆರಾಗಳನ್ನು ಕಟ್ಟುತ್ತಾರೆ. 2018ರ ಗಣತಿಯಿಂದೀಚೆಗೆ ಆ ಚಿತ್ರರಾಶಿಯನ್ನು ಪ್ರಾಣಿಭೇದಕ್ಕನುಸಾರವಾಗಿ ವಿಂಗಡಿಸುವುದು ಕೃತಕ ಬುದ್ಧಿಮತ್ತೆಯ ತಂತ್ರಾಂಶ. ವನ್ಯಜೀವಿಗಳ ರಕ್ಷಣೆಯೆಂಬ ಉದ್ದೇಶವನ್ನು ಅಹಿಂಸಾವ್ರತಿಗಳಾದ ನಾವು ಆಕ್ಷೇಪಿಸಲಾರೆವು. ಆದರೆ ಆ ದಾರಿಯಲ್ಲಿ ಹುಲಿಯೊಂದೇ ನಡೆಯುವುದಿಲ್ಲ. ಕಾಡಿನ ಹಳ್ಳಿಗಳ ಕುಣಬಿಗಳೂ ಗೌಳಿಗಳೂ ನಡೆಯುತ್ತಾರೆ.

ಇಂತಹ ಕ್ಯಾಮೆರಾ ಮನುಷ್ಯರಿಗೆ ಏನು ಮಾಡಬಲ್ಲದೆಂಬುದನ್ನು ಉತ್ತರಾಖಂಡದ ಕಾರ್ಬೆಟ್ ಕಾಡು ತೋರಿಸಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಹಿರ್ದೆಸೆಗೆ ಹೋದ ಮಹಿಳೆಯೊಬ್ಬಳ ಚಿತ್ರವು ಅಲ್ಲಿನ ಕ್ಯಾಮೆರಾದಲ್ಲಿ ಸೆರೆಯಾಗಿ ಊರವರ ಮೊಬೈಲುಗಳಲ್ಲಿ ಹರಿದಾಡಿತು. ಕಾಡುಪ್ರಾಣಿಗಳು ಹತ್ತಿರ ಬಾರದಿರಲೆಂದು ಹಾಡುತ್ತ ಸೌದೆಗೆ ಹೋಗುತ್ತಿದ್ದ ಹೆಂಗಸರು ಕ್ಯಾಮೆರಾದ ಸಂಕೋಚದಿಂದ ದನಿ ತಗ್ಗಿಸಿದರು. ಏಕಾಂತ ಹೋದೊಡನೆ ಅವರ ರಕ್ಷಣೆಯೂ ಹೋಯಿತು.

ಏಕಾಂತವು ಹಕ್ಕೆಂಬುದು ನಮ್ಮಲ್ಲಿ ಸುಲಭವಾಗಿ ಸಿದ್ಧಿಸಿದ ಮಾತಲ್ಲ. ವ್ಯಾಪಾರ ಸಂಸ್ಥೆಗಳ ಕಡತಗಳ ಶೋಧನೆಯ ಪ್ರಕರಣವೊಂದರಲ್ಲಿ 1954ರಲ್ಲಿಯೂ, ಪೊಲೀಸ್ ಕಾವಲಿನ ಪ್ರಕರಣವೊಂದರಲ್ಲಿ 1962ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಇದನ್ನು ಸಂವಿಧಾನದತ್ತ ಹಕ್ಕೆಂದು ಒಪ್ಪಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನವು 21ನೆಯ ವಿಧಿಯ ಜೀವನ ಮತ್ತು ಸ್ವಾತಂತ್ರ್ಯದ ಅಂಗವೆಂದು ಒಮ್ಮತದಿಂದ ಸಾರಿತು.

ನಮ್ಮ ಆಚಾರ್ಯರು ಇದನ್ನು ಶ್ರಾವಕನ ಸತ್ಯಾಣುವ್ರತದೊಳಗೇ ಇರಿಸಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವ ಅತಿಚಾರಗಳಲ್ಲಿ ಮೂರು ಇಲ್ಲಿ ಪ್ರಸ್ತುತ. ಏಕಾಂತದ ನಡೆಯನ್ನು ಬಯಲುಮಾಡುವುದು ರಹೋಭ್ಯಾಖ್ಯಾನ. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಅಷ್ಟೇ ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದು ನ್ಯಾಸಾಪಹಾರ. ಹುಬ್ಬು, ಮುಖಗಳ ವಿಕಾರದಿಂದ ಪರರ ಮನೋಗತವನ್ನು ಊಹಿಸಿ ಹೊರಗೆಡಹುವುದು ಸಾಕಾರಮಂತ್ರಭೇದ.

ಕೃತಕ ಬುದ್ಧಿಮತ್ತೆಯ ಕಸುಬು ಈ ಮೂರನೆಯದಕ್ಕೆ ಅತಿ ಸಮೀಪ. ನಾವು ಹೇಳದುದನ್ನು ಅದು ನಮ್ಮ ಖರೀದಿ, ಮುಖ, ಧ್ವನಿಗಳಿಂದ ಊಹಿಸುತ್ತದೆ: ಇವನಿಗೆ ಕಾಯಿಲೆಯಿರಬಹುದು, ಇವನು ಸಾಲ ತೀರಿಸಲಾರ, ಇವನ ಒಲವು ಇಂಥ ಪಕ್ಷದತ್ತ. ಪೂಜ್ಯಪಾದರು ಈ ದೋಷಕ್ಕೆ ಅಸೂಯೆಯನ್ನು ಕಾರಣವಾಗಿ ಹೇಳಿದ್ದಾರೆ. ಯಂತ್ರಕ್ಕೆ ಅಸೂಯೆಯಿಲ್ಲ, ಆದುದರಿಂದಲೇ ಹೊಣೆಯು ಅದನ್ನು ನಿಯೋಜಿಸಿದವನ ಮೇಲೆ ನಿಲ್ಲುತ್ತದೆ.

ಇನ್ನು ನ್ಯಾಸದ ಮಾತು. ಮೊಬೈಲಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದವನಿಗೆ ತಾನು ಏನೇನು ಕೊಟ್ಟೆನೆಂಬ ನೆನಪಿರುವುದಿಲ್ಲ. ಮರೆವಿನ ಲಾಭ ಪಡೆಯುವವನು ನ್ಯಾಸವನ್ನು ನುಂಗಿದವನೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಯನ್ನು ನಿರ್ದಿಷ್ಟ ಉದ್ದೇಶಕ್ಕೆ ಕಟ್ಟಿಹಾಕಿದೆ. ಆದರೆ ಸರ್ಕಾರವು ಸೂಚಿಸುವ ತನ್ನ ಸಂಸ್ಥೆಗಳಿಗೆ ವಿನಾಯಿತಿಯನ್ನೂ ಇರಿಸಿದೆ. ಹುಲಿಗಾಗಿ ಕಟ್ಟಿದ ಕ್ಯಾಮೆರಾದಲ್ಲಿ ಮನುಷ್ಯರ ಚಿತ್ರ ಮೂಡಿದರೆ ಅದನ್ನು ಅಳಿಸಬೇಕೆಂದು ಕೇಳುವ ಹಕ್ಕು ನಾಗರಿಕರಿಗಿರಬೇಕು.

ಹಾಗೆ ಕೇಳುವ ಮುನ್ನ ನಮ್ಮ ಕಪಾಟುಗಳನ್ನೂ ತೆರೆದು ನೋಡೋಣ. ದಾನಿಗಳ ವಿಳಾಸ, ದೂರವಾಣಿ ಸಂಖ್ಯೆ, ವಧೂವರರ ವಿವರಗಳು ಬಸದಿಗಳ ಟ್ರಸ್ಟುಗಳಲ್ಲಿಯೂ ಇವೆ. ಕೊಟ್ಟವರು ಯಾವ ಕಾರ್ಯಕ್ಕಾಗಿ ಕೊಟ್ಟರೋ ಅದಕ್ಕಷ್ಟೇ ಅವು ಬಳಕೆಯಾಗಲಿ. ಕಾರ್ಯ ಮುಗಿದ ಮೇಲೂ ಕೂಡಿಟ್ಟುಕೊಳ್ಳುವುದು ಪರಿಗ್ರಹವೆಂಬುದನ್ನು ಟ್ರಸ್ಟಿಗಳು ಮರೆಯದಿರಲಿ.